ದಾನಿಗಳ ಲೆಕ್ಕದ ಸಾಫ್ಟ್‌ವೇರ್: ಮೂರು ವರ್ಷ ಬಳಸಿದ ಮೇಲೆ

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯಿಂದ ಓದಲು ಬರುವ ಹುಡುಗರಿಗೆ ಊಟ, ವಸತಿ ನೋಡಿಕೊಳ್ಳುತ್ತೇವೆ. ದಾನಿಗಳು ಇನ್ನೂರು ಚಿಲ್ಲರೆ. ಅವರ ಲೆಕ್ಕ ಇಡಲು 2022ರ ಕೊನೆಗೆ ಒಂದು ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಿದೆವು. ಕಂಪನಿಯ ಹೆಸರು ಬೇಡ ಬಿಡಿ.

ಮೊದಲು ಒಳ್ಳೆಯದು ಹೇಳುತ್ತೇನೆ. 2021-22ರ ಲೆಕ್ಕದಿಂದ ಪ್ರತಿ ದಾನಿಯ ಪ್ಯಾನ್, ಮೊತ್ತ ಎಲ್ಲವನ್ನೂ ಆದಾಯ ತೆರಿಗೆ ಇಲಾಖೆಯ 10ಬಿಡಿ ಫಾರಂನಲ್ಲಿ ಮೇ 31ರೊಳಗೆ ತುಂಬಬೇಕು. ಆಮೇಲೆ ಒಬ್ಬೊಬ್ಬರಿಗೂ 10ಬಿಇ ಸರ್ಟಿಫಿಕೇಟ್ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಮೊದಲ ವರ್ಷ ರಸೀದಿ ಪುಸ್ತಕ ಹರಡಿಕೊಂಡು ಮೂರು ರಾತ್ರಿ ಕೂತಿದ್ದೆವು. ಈಗ ಅರ್ಧ ದಿನದ ಕೆಲಸ. ಪ್ಯಾನ್‌ನಲ್ಲಿ ಒಂದು ಅಕ್ಷರ ಬಿಟ್ಟರೂ ಅಲ್ಲೇ ಕೆಂಪಾಗುತ್ತದೆ. ಇದಕ್ಕೆ ಪೂರ್ತಿ ಮಾರ್ಕ್ಸ್.

ಕಿರಿಕಿರಿ ಇರುವುದು ದಾನಿಗಳ ಜೊತೆ ಮಾತಾಡುವ ಭಾಗದಲ್ಲಿ. ಫೆಬ್ರವರಿ ಬಂತೆಂದರೆ ಎಲ್ಲರಿಗೂ ಒಂದೇ ಮೆಸೇಜ್: 'ಮಾರ್ಚ್ 31ರೊಳಗೆ ದಾನ ಮಾಡಿ, ತೆರಿಗೆ ಉಳಿಸಿ.' ಮೊದಲ ವರ್ಷ ನಡೆಯಿತು. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಡಿಫಾಲ್ಟ್ ಆಯಿತು, ಹಳೆಯದು ಬೇಕೆಂದರೆ ಕೇಳಿ ಪಡೆಯಬೇಕು. ಹೊಸದರಲ್ಲಿ ನಮ್ಮಂಥವರಿಗೆ ಕೊಟ್ಟ ದಾನಕ್ಕೆ 80ಜಿ, ಅಂದರೆ ದಾನದ ಮೇಲಿನ ತೆರಿಗೆ ವಿನಾಯಿತಿ, ಇಲ್ಲ. ಮೆಸೇಜ್ ಮಾತ್ರ ಅದೇ. ಆ ಮಾರ್ಚ್‌ನಲ್ಲಿ ಒಬ್ಬ ಮೇಷ್ಟ್ರು ಫೋನ್ ಮಾಡಿದರು: "ನಾ ಹೊಸ ಪದ್ಧತಿಗೆ ಹೋಗೀನ್ರಿ. ನನಗ ಏನೂ ಉಳಿಯಂಗಿಲ್ಲ. ಹಂಗಂತ ಕೊಡೂದು ಬಿಡ್ಲೇನು?" ದನಿಯಲ್ಲಿ ಬೇಸರವಿತ್ತು.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಹಳೆ ಪದ್ಧತಿಯಲ್ಲೂ ನಮಗೆ ಕೊಟ್ಟ ದಾನದ ಅರ್ಧಕ್ಕಷ್ಟೇ ವಿನಾಯಿತಿ. ಶೇ. 30ರ ಸ್ಲ್ಯಾಬ್‌ನಲ್ಲಿ ಇರುವವರು 10,000 ಕೊಟ್ಟರೂ ಉಳಿಯುತ್ತಿದ್ದದ್ದು, ಸೆಸ್ ಸೇರಿ, 1,560 ರೂಪಾಯಿ. ಇಷ್ಟಕ್ಕೋಸ್ಕರ ಯಾರಾದರೂ ಉಳಿದ 8,440 ಕೈಬಿಡುತ್ತಾರಾ? ಆದರೂ ಕೆಲವರು ಸದ್ದಿಲ್ಲದೆ ಕೊಡುವುದನ್ನು ನಿಲ್ಲಿಸಿಬಿಟ್ಟರು. ವರ್ಷವರ್ಷವೂ ತೆರಿಗೆ ತೆರಿಗೆ ಅಂತ ನಾವೇ ಹೇಳಿಕೊಟ್ಟಿದ್ದೆವಲ್ಲ. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯವರಿಗೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ ಎಂದಾಗ ಆ ಮೆಸೇಜನ್ನೇ ಬಂದ್ ಮಾಡಿದೆವು.

ಕೈಹಿಡಿದದ್ದು 'ವಿಶೇಷ ದಿನ' ಎಂಬ ಸಣ್ಣ ಕಾಲಂ. ಹುಟ್ಟುಹಬ್ಬಕ್ಕೆಂದು ಇಟ್ಟದ್ದು. ನಾವು ಅಲ್ಲಿ ದಾನಿಗಳ ತಂದೆ-ತಾಯಿಯ ಪುಣ್ಯತಿಥಿ ತುಂಬಿದೆವು. ಅವತ್ತು ಹುಡುಗರಿಗೆ ಅವರ ಹೆಸರಲ್ಲಿ ಊಟ. ವಾರ ಮೊದಲೇ ನನ್ನ ಮೊಬೈಲ್‌ಗೆ ನೆನಪೋಲೆ ಬರುತ್ತದೆ, ನಾನು ಫೋನ್ ಮಾಡುತ್ತೇನೆ, ಊಟದ ಫೋಟೊ ಸಂಜೆ ವಾಟ್ಸಾಪ್‌ನಲ್ಲಿ ಹೋಗುತ್ತದೆ. ನಿಲ್ಲಿಸಿದವರಲ್ಲಿ ಹಲವರು ಹೀಗೇ ಮರಳಿದರು. ಅವರಲ್ಲಿ ಯಾರೂ 80ಜಿ ಬಗ್ಗೆ ಕೇಳಲಿಲ್ಲ.

ಇಲ್ಲೂ ಒಂದು ಎಡವಟ್ಟಾಯಿತು. ತಾನಾಗೇ ಹೋಗುವ ಶುಭಾಶಯವನ್ನು ಆಫ್ ಮಾಡಬೇಕೆಂದು ನಮಗೆ ಗೊತ್ತಿರಲಿಲ್ಲ. ತಾಯಿಯ ತಿಥಿಯ ದಿನ ಒಬ್ಬರಿಗೆ ಕೇಕು, ಬಲೂನಿನ ಚಿತ್ರದ ಜೊತೆ 'ಹಾರ್ದಿಕ ಶುಭಾಶಯಗಳು' ಹೋಯಿತು! ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಚಹಾ ಕೊಟ್ಟು ಕಳಿಸಿದರು, ಪುಣ್ಯಕ್ಕೆ. ಅದಲ್ಲದೆ ಸಾಫ್ಟ್‌ವೇರ್‌ಗೆ ತಾರೀಖು ಗೊತ್ತು, ತಿಥಿ ಗೊತ್ತಿಲ್ಲ. ಪ್ರತಿ ಯುಗಾದಿಗೆ ಪಂಚಾಂಗ ಹಿಡಿದು ಎಲ್ಲ ಮತ್ತೆ ಟೈಪ್ ಮಾಡಬೇಕು.

ದೊಡ್ಡ ದೂರು ಬೇರೆಯೇ ಇದೆ. ನಮ್ಮ ಕಡೆ ರೈತರು ಕೊಡುವುದು ಬಿಳಿಜೋಳ, ತೊಗರಿಬೇಳೆ, ನಿಂಬೆಹಣ್ಣು. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಯಾವ ಪದ್ಧತಿ ಬಂದರೂ ಹೋದರೂ ಅವರಿಗೆ ಅಷ್ಟೇ. ವಸ್ತು ಕೊಟ್ಟರೆ 80ಜಿ ಸಿಗುವುದಿಲ್ಲ, 2,000 ದಾಟಿದ ನಗದಿಗೂ ಇಲ್ಲ. ಇದೆಲ್ಲ ಕಾನೂನಿನ ಮಾತು, ಸರಿ. ಆದರೆ ರೂಪಾಯಿ ಕಾಲಂ ಖಾಲಿ ಬಿಟ್ಟರೆ ಈ ಸಾಫ್ಟ್‌ವೇರ್ ಹೆಸರನ್ನೇ ಸೇರಿಸಿಕೊಳ್ಳುವುದಿಲ್ಲ. ಐನೂರು ಹಾಕಿದ ಬೆಂಗಳೂರಿನವರಿಗೆ ಧನ್ಯವಾದ ಹೋಯಿತು. ಎರಡು ಕ್ವಿಂಟಲ್ ಜೋಳ ಇಳಿಸಿ ಹೋದ ಮನೆಗೆ ಹೋಗಲಿಲ್ಲ. ಅವರಿಗಾಗಿ ಈಗ ಬೇರೆ ನೋಟ್‌ಬುಕ್ ಇಟ್ಟಿದ್ದೇವೆ.

ಉಳಿದದ್ದು: ರಸೀದಿಯಲ್ಲಿ ಕನ್ನಡದ ಒತ್ತಕ್ಷರ ಮೊದಲು ಒಡೆಯುತ್ತಿತ್ತು, ಈಗ ಸರಿ ಇದೆ. ಸಹಾಯವಾಣಿಯಲ್ಲಿ ಕನ್ನಡ ಇಲ್ಲ. ಐದಕ್ಕೆ ಮೂರೂವರೆ ಸ್ಟಾರ್.

ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ. ಅದರಲ್ಲಿ 80ಜಿ ಜಾಗಕ್ಕೆ ಸೆಕ್ಷನ್ 133. ರಸೀದಿಯನ್ನು ಬದಲಿಸಿ ಕೊಡುತ್ತೀರಾ ಎಂದು ಕಂಪನಿಗೆ ಬರೆದೆ. ಬರೆಯುವುದು ಬರೆಯುತ್ತಿದ್ದೇನೆ ಅಂತ ಜೋಳಕ್ಕೂ ಒಂದು ಕಾಲಂ ಕೇಳಿದ್ದೇನೆ. ರಸೀದಿಗೆ 'ಅಪ್‌ಡೇಟ್ ಬರುತ್ತದೆ' ಎಂದರು. ಜೋಳಕ್ಕೆ ಒಂದು ಟಿಕೆಟ್ ನಂಬರ್ ಕೊಟ್ಟಿದ್ದಾರೆ.