ಹೆಸರಿಲ್ಲದ ಪೊಟ್ಟಣದ ಮದ್ದನ್ನು ಕೋವಿಗೆ ಹಾಕಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಕೇಪಿನ ಕೋವಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಹೊಗೆ ಬಾರದ ಒಳ್ಳೆ ಮದ್ದು" ಅಂತ ಯಾರಾದರೂ ನಿಮಗೆ ಕಾಗದದ ಪೊಟ್ಟಣ ಕೊಟ್ಟಿದ್ದರೆ ಅದನ್ನು ಕೋವಿಗೆ ಹಾಕಬೇಡಿ. ನನ್ನ ತಮ್ಮನ ಎಡಗೈಯ ಎರಡು ಬೆರಳು ಹೋಗಿದ್ದು ಅಂಥ ಪೊಟ್ಟಣದಿಂದ. ಅದನ್ನು ಮನೆಗೆ ತಂದವನು ನಾನು.

ನಮ್ಮದು ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟ. ಕೋವಿ ಅಜ್ಜನ ಕಾಲದ್ದು. ಒಂಟಿ ನಳಿಗೆ, ಬಾಯಿಂದ ಮದ್ದು ತುಂಬಿ ಗಜದಲ್ಲಿ, ಅಂದರೆ ಉದ್ದನೆಯ ಸರಳಿನಲ್ಲಿ, ಜಡಿದು, ಬುಡದಲ್ಲಿ ಕಿಡಿ ಕೊಡುವ ಸಣ್ಣ ಕೇಪು ಕೂರಿಸಿ ಹಾರಿಸುವಂಥದ್ದು. ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ನಮಗೆ ಬೇಕಾಗಿದ್ದು ಸದ್ದು ಅಷ್ಟೇ. ಎಳೆ ಅಡಿಕೆಗೆ, ಬಾಳೆಗೊನೆಗೆ ಮಂಗ ಬಿದ್ದಾಗ ಒಂದು ಈಡು ಹಾರಿಸಿದರೆ ಎರಡು ಮೂರು ದಿನ ತೋಟದ ಕಡೆ ತಲೆ ಹಾಕುವುದಿಲ್ಲ.

2024ರ ಲೋಕಸಭೆ ಚುನಾವಣೆಗೆ ಎಲ್ಲರಂತೆ ನಾವೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೆವು. ಅದು ವಾಪಸ್ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಡಬ್ಬಿಯಲ್ಲಿದ್ದ ಮದ್ದು ತಂಡಿ ಎಳೆದು ಗಟ್ಟಿಯಾಗಿತ್ತು. ಮಳೆ ಸ್ವಲ್ಪ ಹೊಳವಾದ ಮೇಲೆ ಮಂಗನ ಕಾಟ ಶುರುವಾಯಿತು. ಪೇಟೆಗೆ ಹೋಗಿ ಲೈಸೆನ್ಸ್ ತೋರಿಸಿ ಮದ್ದು ತರಬೇಕಿತ್ತು. ನಾಳೆ ನಾಡಿದ್ದು ಅಂತ ಮುಂದೂಡಿದೆ. ಅಷ್ಟರಲ್ಲಿ ಪರಿಚಯದವರೊಬ್ಬರು ಸಿಕ್ಕರು. ಅವರ ಹತ್ತಿರ ಹಳೆಯ ಟ್ವೆಲ್ವ್ ಬೋರ್ ಬಂದೂಕಿನ ತೋಟೆಗಳು (ಕಾರ್ಟ್ರಿಜ್) ಇದ್ದವಂತೆ. ಅವನ್ನು ಬಿಚ್ಚಿ ಒಳಗಿನ ಮದ್ದು ತೆಗೆದಿಟ್ಟಿದ್ದರು. "ಇದು ಹೊಗೆ ಬಿಡೋದಿಲ್ಲ, ನಳಿಗೆಗೆ ಮಸಿ ಹಿಡಿಯೋದಿಲ್ಲ, ತೊಳೆಯೋ ರಗಳೆನೇ ಇಲ್ಲ" ಅಂದರು.

ತೊಳೆಯೋ ರಗಳೆ ಏನು ಅಂತ ಕೇಪಿನ ಕೋವಿ ಇರುವವರಿಗೆ ಗೊತ್ತು. ನಾವು ಯಾವಾಗಲೂ ಹಾಕುವ ಕರಿಮದ್ದು ಉರಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಭಾಗ ಬೂದಿಯಾಗಿ, ಹೊಗೆಯಾಗಿ ಉಳಿಯುತ್ತದೆ. ಅವತ್ತೇ ಬಿಸಿನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ನಮ್ಮ ಮಳೆಗಾಲಕ್ಕೆ ನಳಿಗೆ ತುಕ್ಕು ತಿಂದುಬಿಡುತ್ತದೆ. ಅದಕ್ಕೇ ಆ ಮಾತು ನನಗೆ ಹಿತವಾಯಿತು. ಪೊಟ್ಟಣ ಜೇಬಿಗೆ ಹಾಕಿಕೊಂಡು ಬಂದೆ.

ಮನೆಯಲ್ಲಿ ಬಿಚ್ಚಿ ನೋಡಿದೆವು. ನಮ್ಮ ಕರಿಮದ್ದು ಇದ್ದಿಲು ಜಜ್ಜಿದ ಹಾಗೆ, ಮೂಲೆ ಮೂಲೆಯಾದ ಕಾಳು. ಬೆರಳಲ್ಲಿ ತಿಕ್ಕಿದರೆ ಮಸಿ ಹತ್ತುತ್ತದೆ. ಇದು ಬೂದುಬಣ್ಣದ ಸಣ್ಣ ಸಣ್ಣ ಬಿಲ್ಲೆ. ಸಾಸಿವೆ ಕಾಳನ್ನು ಒತ್ತಿ ಚಪ್ಪಟೆ ಮಾಡಿದರೆ ಹೇಗಿರುತ್ತದೋ ಹಾಗೆ. ಎರಡೂ ಒಂದೇ ಅಲ್ಲ ಅಂತ ಕಣ್ಣಿಗೇ ಕಂಡಿತ್ತು. ಆದರೂ ನಾನು ತಮ್ಮನ ಕೈಗೆ ಕೊಟ್ಟೆ.

ಮುಂದೆ ಆಗಿದ್ದನ್ನು ಸ್ವಲ್ಪ ಗಮನವಿಟ್ಟು ಓದಿ. ಮೋಸ ಹೋಗುವುದು ಇಲ್ಲೇ. ತಮ್ಮ ಹೊಸ ಮದ್ದು ಅಂತ ಹೆದರಿ, ಅಜ್ಜನ ಹಿತ್ತಾಳೆ ಅಳತೆಯಲ್ಲಿ ಅರ್ಧ ಮಾತ್ರ ಹಾಕಿದ. ಮೇಲೆ ಸಡಿಲವಾಗಿ ಕತ್ತ (ತೆಂಗಿನ ನಾರು) ತುರುಕಿದ. ಕೋವಿಯ ಕುದುರೆ (ಟ್ರಿಗರ್) ಎಳೆದರೆ ಬರೀ ಟುಸ್ ಅಂತು. ಮುಕ್ಕಾಲು ಪಾಲು ಮದ್ದು ಉರಿಯದೇ ಹಾಗೇ ಹೊರಗೆ ಬಿತ್ತು. "ಅಣ್ಣಾ, ಇದ್ರಲ್ಲಿ ಸತ್ವನೇ ಇಲ್ಲೆ" ಅಂದ. ನಾನೂ ಹೌದು ಅಂದೆ. ಎರಡನೇ ಸಲ ಅಳತೆ ತುಂಬಾ ಹಾಕಿದ. ಕತ್ತದ ಮೇಲೆ ಬಟ್ಟೆ ಚೂರು ಇಟ್ಟು ಗಜದಲ್ಲಿ ಗಟ್ಟಿಯಾಗಿ ಜಡಿದ. ಸ್ವಲ್ಪ ಚರೆನೂ (ಸಣ್ಣ ಗುಂಡು) ಹಾಕಿದ.

ಆ ಸದ್ದು ಕೋವಿಯ ಸದ್ದಾಗಿರಲಿಲ್ಲ. ಕಬ್ಬಿಣ ಸೀಳಿದ ಸದ್ದು. ಕೇಪು ಕೂರಿಸುವ ನಿಪ್ಪಲ್ ಕಿತ್ತು ಎಲ್ಲಿಗೆ ಹಾರಿತೋ, ಇವತ್ತಿಗೂ ಸಿಕ್ಕಿಲ್ಲ. ನಳಿಗೆ ಬುಡದ ಹತ್ತಿರ ಒಂದು ಗೇಣು ಉದ್ದ ಬಾಳೆಸಿಪ್ಪೆ ಹಾಗೆ ಬಿಚ್ಚಿಕೊಂಡಿತ್ತು. ತಮ್ಮನ ಎಡಗೈ ಅಲ್ಲೇ ಕೆಳಗೆ ಹಿಡಿದಿತ್ತು. ಕಣ್ಣು ಉಳಿದಿದ್ದು ದೇವರ ದಯೆ. ಹುಬ್ಬಿನ ಮೇಲೆ ಗಾಯ ಆಗಿ ನಿಂತಿತು. ಶಿರಸಿಯಲ್ಲಿ ಕಟ್ಟು ಹಾಕಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ದಾರಿಯುದ್ದ ಅವನು "ನಾನು ಅಳತೆ ಜಾಸ್ತಿ ಮಾಡಿದೆ" ಅಂತಲೇ ಹೇಳುತ್ತಿದ್ದ. ತಪ್ಪು ಅಳತೆಯದ್ದು ಮಾತ್ರ ಅಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ತೋಟೆಯನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಹವ್ಯಾಸ ತುಂಬಾ ಜನಕ್ಕೆ ಇದೆ. ಇವನಿಗೂ ಇದೆ. ಅವನ ಹತ್ತಿರ ಮಾರ್ಲಿನ್ 1895 ಅನ್ನುವ ಲಿವರ್ ಆಕ್ಷನ್ ರೈಫಲ್ ಇದೆ. ಕೈಹಿಡಿಯ ಕೆಳಗಿನ ಲಿವರನ್ನು ಇಳಿಸಿ ಏರಿಸಿದರೆ ಖಾಲಿ ತೋಟೆ ಹೊರಬಿದ್ದು ಹೊಸದು ಬಂದು ಕೂರುತ್ತದೆ. ಸುದ್ದಿ ಕೇಳಿ ವಿಡಿಯೋ ಕಾಲ್ ಮಾಡಿದವನು ಮೊದಲು ಕೇಳಿದ್ದೇ "ಮಾವಾ, ಎಂತ ಮದ್ದು ಅದು? ಡಬ್ಬಿ ಮೇಲೆ ಎಂತ ಬರೆದಿತ್ತು?" ಅಂತ. ಡಬ್ಬಿಯೇ ಇರಲಿಲ್ಲ ಅಂದೆ. ಸುಮಾರು ಹೊತ್ತು ಅವನು ಮಾತಾಡಲೇ ಇಲ್ಲ.

ಆಮೇಲೆ ಬಿಡಿಸಿ ಹೇಳಿದ. ಕರಿಮದ್ದು ಅಂದರೆ 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಬಯಲಲ್ಲಿ ಇಟ್ಟು ಕಿಡಿ ತಾಗಿಸಿದರೂ ಭಗ್ಗೆಂದು ಉರಿಯುತ್ತದೆ. ಹೊಗೆ ಬಾರದ ಮದ್ದು ಬೇರೆಯದೇ ಜಾತಿ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಮಾಡಿದ್ದು, ನೈಟ್ರೋಸೆಲ್ಯುಲೋಸ್ ಅನ್ನುವ ರಾಸಾಯನಿಕದಿಂದ. ಅದು ಬಯಲಲ್ಲಿ ಸೋಮಾರಿ ಹಾಗೆ ಉರಿಯುತ್ತದೆ. ಆದರೆ ಅದನ್ನು ಬಿಗಿಯಾಗಿ ಕೂಡಿಹಾಕಿದರೆ ಒತ್ತಡ ಏರಿದ ಹಾಗೆ ಉರಿಯುವ ವೇಗ ಏರುತ್ತದೆ, ವೇಗ ಏರಿದ ಹಾಗೆ ಒತ್ತಡ ಮತ್ತೂ ಏರುತ್ತದೆ. ನಮ್ಮ ಮೊದಲನೇ ಈಡು ಟುಸ್ ಅಂದಿದ್ದು ಕತ್ತ ಸಡಿಲ ಇತ್ತು ಅಂತ. ಎರಡನೆಯದಕ್ಕೆ ನಾವೇ ಬಿಗಿ ಮಾಡಿ ಕೊಟ್ಟೆವು. ಅಜ್ಜನ ಕಾಲದ ನಳಿಗೆ ಅದನ್ನು ಎಲ್ಲಿ ತಾಳಬೇಕು? ಅಜ್ಜನ ಹಿತ್ತಾಳೆ ಅಳತೆನೂ ಕರಿಮದ್ದಿಗೆ ಮಾಡಿದ್ದು. ಅದೇ ಅಳತೆ ತುಂಬಾ ಈ ಮದ್ದು ಹಾಕಿದರೆ ಅದರ ಬಲಕ್ಕೂ ಇದರ ಬಲಕ್ಕೂ ಹೋಲಿಕೆನೇ ಇಲ್ಲ.

ಅವನು ತನ್ನ ಮೇಜು ತೋರಿಸಿದ. ಅದನ್ನು ನೋಡಿ ನನಗೆ ನಾಚಿಕೆ ಆಯಿತು. ಅವನ ರೈಫಲ್ಲಿನ ತೋಟೆಗೆ ಫಾರ್ಟಿಫೈವ್ ಸೆವೆಂಟಿ ಅಂತ ಹೆಸರು. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದಿದ್ದು. ಆ ಸೆವೆಂಟಿ ಅಂದರೆ 70 ಗ್ರೇನ್, ಸುಮಾರು ನಾಲ್ಕೂವರೆ ಗ್ರಾಂ, ಕರಿಮದ್ದು. ತೋಟೆಯ ಆಕಾರ ಇವತ್ತಿಗೂ ಅದೇ. ಆದರೆ ಅದನ್ನು ಹಾರಿಸುವ ಬಂದೂಕುಗಳು ಮೂರು ತರಹದವು: ಆ ಕಾಲದ ಅಷ್ಟೇನೂ ಗಟ್ಟಿಯಲ್ಲದ ಬಂದೂಕು, ಈಗಿನ ಲಿವರ್ ಆಕ್ಷನ್, ಅದಕ್ಕಿಂತ ಗಟ್ಟಿಯಾದ, ಒಂದು ಸಲಕ್ಕೆ ಒಂದೇ ತೋಟೆ ಹಾಕುವ ಸಿಂಗಲ್ ಶಾಟ್. ಮದ್ದಿನ ಪಟ್ಟಿಯ ಪುಸ್ತಕದಲ್ಲಿ ಮೂರಕ್ಕೂ ಬೇರೆ ಬೇರೆ ಪುಟ. ಗಟ್ಟಿ ಬಂದೂಕಿನ ಪುಟ ನೋಡಿ ತುಂಬಿದ ತೋಟೆ ಹಳೆಯದರಲ್ಲೂ ಸಲೀಸಾಗಿ ಕೂರುತ್ತದೆ. ಕೂತಿತು ಅಂತ ಹಾರಿಸಿದರೆ ನಮ್ಮ ಕಥೆನೇ. ನನ್ನ ತಲೆಯಲ್ಲಿದ್ದಿದ್ದು "ಒಳ್ಳೆ ಮದ್ದು, ಕೆಟ್ಟ ಮದ್ದು" ಅಷ್ಟೇ. ಅವನು ಹೇಳಿದ್ದು, ಮದ್ದಿನಲ್ಲಿ ಒಳ್ಳೆಯದು ಅಂತ ಇಲ್ಲ ಮಾವಾ, ಯಾವ ಕೋವಿಗೆ ಅನ್ನೋದಷ್ಟೇ ಇರೋದು.

ಇನ್ನೊಂದು ವಿಷಯ ಹೇಳಿದ. ಆ ತೋಟೆಯ ಹೊಟ್ಟೆ ದೊಡ್ಡದು. ಪಿಸ್ತೂಲಿಗೆ ಹಾಕುವ ಬೇಗ ಉರಿಯುವ ಮದ್ದಾದರೆ ತಳದಲ್ಲಿ ಚೂರೇ ಚೂರು ಸಾಕು. ಮರೆತು ಎರಡನೇ ಸಲ ಸುರಿದರೂ ಹೊರಗಿಂದ ಗೊತ್ತಾಗುವುದಿಲ್ಲ. ಅದಕ್ಕೆ ಅವನು ಐಎಂಆರ್ 3031 ತರಹದ ರೈಫಲ್ ಮದ್ದು ಆರಿಸಿಕೊಳ್ಳುತ್ತಾನೆ. ಅದು ತೋಟೆಯ ಬಹುಪಾಲು ತುಂಬುತ್ತದೆ. ತಪ್ಪಿ ಎರಡು ಸಲ ಸುರಿದರೆ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ. ಅಳೆಯುವುದು ತೂಕದಲ್ಲಿ, ಅಂದಾಜಲ್ಲಿ ಅಲ್ಲ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಉಳಿದ ಮದ್ದು ಮತ್ತೆ ಅದೇ ಡಬ್ಬಿಗೆ, ಬೇರೆಯದಕ್ಕೆ ಯಾವತ್ತೂ ಇಲ್ಲ. ಎಚ್ 4895, ಐಎಂಆರ್ 4895 ಅಂತ ಒಂದೇ ನಂಬರಿನ ಎರಡು ಮದ್ದು ಇವೆಯಂತೆ. ಅವುಗಳ ಲೆಕ್ಕವೂ ಬೇರೆ ಬೇರೆ. ಡಬ್ಬಿ ಮೇಲೆ ಹೆಸರು ಬರೆದಿದ್ದರೂ ಇಷ್ಟು ಜಾಗ್ರತೆ. ನಾವು ಹೆಸರೇ ಇಲ್ಲದ್ದನ್ನು ಸುರಿದುಕೊಂಡೆವು.

ನಮ್ಮಲ್ಲಿ ತೋಟೆ ಬಿಚ್ಚುವುದು, ಮತ್ತೆ ತುಂಬುವುದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ತೋಟೆ ತಯಾರಿಸಲು ಬೇರೆ ಲೈಸೆನ್ಸ್ ಬೇಕು. ಕೋವಿಯ ಲೈಸೆನ್ಸ್ ಸಾಲದು. ಠಾಣೆಯಲ್ಲಿ ಹೇಳಿಕೆ ಕೊಟ್ಟು, ಕಾರವಾರಕ್ಕೆ ಮೂರು ಸಲ ಓಡಾಡಿದ ಮೇಲೆ ನನಗೆ ಇದೆಲ್ಲ ಗೊತ್ತಾಗಿದ್ದು. ಹಳೆಯ ತೋಟೆ ಇದ್ದರೆ ಬಿಚ್ಚಬೇಡಿ, ಬೆಂಕಿಗೂ ಹಾಕಬೇಡಿ. ಠಾಣೆಗೆ ಫೋನ್ ಮಾಡಿ ಕೇಳಿ ಒಪ್ಪಿಸಿ. ಕರಿಮದ್ದನ್ನು ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ. ಇದ್ದ ಮದ್ದು ತಂಡಿ ಹಿಡಿದಿದ್ದರೆ ಆ ವಾರ ಡಬ್ಬ ಬಡಿದು ಮಂಗ ಓಡಿಸಿ. ನಾವು ಈಗ ಅದನ್ನೇ ಮಾಡುತ್ತಿದ್ದೇವೆ.

ಹುಬ್ಬಳ್ಳಿಯಿಂದ ಬಂದ ಮಾರನೇ ದಿನ ಪೊಟ್ಟಣ ಕೊಟ್ಟವರ ಮನೆಗೆ ಹೋದೆ. ಜಗಳಕ್ಕೆ ಅಲ್ಲ. ಇನ್ನೂ ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳಲಿಕ್ಕೆ. ಅವರೂ ಅತ್ತರು. ಮೂರು ಜನಕ್ಕೆ ಅಂದರು. ಅವತ್ತು ರಾತ್ರಿಯೇ ಇಬ್ಬರ ಮನೆಗೆ ಹೋದೆವು. ಒಬ್ಬರು ಪೊಟ್ಟಣ ಬಿಚ್ಚಿರಲೇ ಇಲ್ಲ. ಇನ್ನೊಬ್ಬರು ಅಜ್ಜ, ಕೇಪಿನ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದರು, ಆ ವಾರ ಹಂದಿಗೆ ಕಾಯುವವರಿದ್ದರು. ಎರಡೂ ಪೊಟ್ಟಣ ಠಾಣೆಗೆ ಹೋಯಿತು.

ಮೂರನೆಯವರು ಒಂದು ಮದುವೆಮನೆಯಲ್ಲಿ ಸಿಕ್ಕವರು, ಸಿದ್ದಾಪುರ ಕಡೆಯವರು. ಹೆಸರು ನೆನಪಿಲ್ಲವಂತೆ. ಪೊಟ್ಟಣ ಹಳೆಯ ಪಂಚಾಂಗದ ಹಾಳೆಯದ್ದು, ಬಾಳೆನಾರಲ್ಲಿ ಕಟ್ಟಿದ್ದು. ನೀವೇ ಆಗಿದ್ದರೆ, ಅಥವಾ ನಿಮ್ಮ ಕಡೆ ಯಾರ ಮನೆಯಲ್ಲಾದರೂ ಅದನ್ನು ನೋಡಿದ್ದರೆ, ಇವತ್ತೇ ಅವರಿಗೆ ಹೇಳಿ.