ಎಲೈಸಾ ಕಿಟ್ ತರಿಸೋ ಹಾಸನ, ಚಿಕ್ಕಮಗಳೂರಿನವರೇ, ಹುಷಾರು

ದುಡ್ಡೂ ಹೋಯ್ತು, ರಿಸರ್ಚ್ ಗೈಡ್ ಮುಂದೆ ಮಾನವೂ ಹೋಯ್ತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ.

ಎಲೈಸಾ ಅಂದ್ರೆ ರಕ್ತದಂಥ ಸ್ಯಾಂಪಲ್‌ನಲ್ಲಿ ಒಂದು ಪ್ರೋಟೀನ್ ಎಷ್ಟಿದೆ ಅಂತ ಬಣ್ಣದಿಂದ ಅಳೆಯೋ ಪರೀಕ್ಷೆ. ನಂಗೆ ಬೇಕಿದ್ದದ್ದು ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಅಳೆಯೋ ಕಿಟ್. ಜೀವಕೋಶದೊಳಕ್ಕೆ ಕಬ್ಬಿಣ ಎಳ್ಕೊಳ್ಳೋ ಪೊರೆಯ ಪ್ರೋಟೀನ್ ಅದು. ಅದರ ತುಂಡು ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಸಿಗುತ್ತೆ, ಕಬ್ಬಿಣ ಕಮ್ಮಿಯಾದ್ರೆ ಏರುತ್ತೆ. ಸ್ಯಾಂಪಲ್ ಸಕಲೇಶಪುರದ ಕಾಫಿ ತೋಟದ ಹೆಂಗಸರದ್ದು. ಕಬ್ಬಿಣ ಕೂಡಿಡೋ ಪ್ರೋಟೀನ್ ಫೆರಿಟಿನ್ ಒಂದನ್ನೇ ನಂಬೋಕಾಗಲ್ಲ, ಸೋಂಕಿದ್ರೆ ಅದು ಜಾಸ್ತಿ ತೋರಿಸಿಬಿಡುತ್ತೆ.

ಬೆಂಗಳೂರಿನ ಡೀಲರ್. ಪೂರ್ತಿ ಅಡ್ವಾನ್ಸ್ ತಗೊಂಡ. "ಕೋಲ್ಡ್ ಚೈನಲ್ಲೇ ಬರುತ್ತೆ ಮೇಡಂ." ಬಂದಿದ್ದು ಬಸ್ ಪಾರ್ಸಲ್‌ನಲ್ಲಿ! 2ರಿಂದ 8 ಡಿಗ್ರಿಯಲ್ಲಿರಬೇಕಾದ ಮಾಲು, ಐಸ್ ಪ್ಯಾಕ್ ಮುಟ್ಟಿದ್ರೆ ಬೆಚ್ಚಗೆ. ಕೇಳಿದ್ರೆ, "ಅದೇನಾಗಲ್ಲ ಮೇಡಂ, ತಡೆಯುತ್ತೆ."

ತಡೀಲಿಲ್ಲ. ಬಣ್ಣ ಬರಿಸೋ ದ್ರಾವಣ ಟಿಎಂಬಿ ಹಾಕಿ ಕಾದೆ, ಕಾದೆ. ನೀಲಿ ಬರಲೇ ಇಲ್ಲ. ಸ್ಯಾಂಪಲ್ ಬಿಡಿ, ಅವರೇ ಕೊಟ್ಟ ಸ್ಟ್ಯಾಂಡರ್ಡ್ (ಪ್ರೋಟೀನ್ ಎಷ್ಟಿದೆ ಅಂತ ಮೊದಲೇ ಗೊತ್ತಿರೋ ದ್ರಾವಣ), ಅದರಲ್ಲೂ ಎಲ್ಲಕ್ಕಿಂತ ಗಟ್ಟಿ ಇರೋ ವೆಲ್ (ಪ್ಲೇಟಿನ ಗುಳಿ), ಅದೂ ನೀರಿನ ಬಣ್ಣ. ಗೈಡ್ ಪಕ್ಕದಲ್ಲೇ ನಿಂತಿದ್ರು, ಏನೂ ಮಾತಾಡಲಿಲ್ಲ. ಬಣ್ಣ ಅಳೆಯೋ ಮೆಷಿನ್‌ನಲ್ಲಿ 450 ನ್ಯಾನೋಮೀಟರಲ್ಲಿ ಓದಿಸಿದ್ರೆ, ಪ್ರೋಟೀನೇ ಇಲ್ಲದ ಬ್ಲ್ಯಾಂಕೂ ಸ್ಟ್ಯಾಂಡರ್ಡೂ ಒಂದೇ.

ಫೋನ್ ಮಾಡಿದೆ. "ನಿಮ್ಮ ಸ್ಯಾಂಪಲ್ ಸರಿ ಇಲ್ಲ." ಅಯ್ಯಾ, ಸ್ಟ್ಯಾಂಡರ್ಡ್ ನಿಮ್ಮದೇ ಅಲ್ವಾ? "ಹಾಗಾದ್ರೆ ವಾಶ್ ಸರಿಯಾಗಿ ಮಾಡಿಲ್ಲ." ವಾಶ್ ಕಮ್ಮಿಯಾದ್ರೆ ಬಣ್ಣ ಜಾಸ್ತಿ ಬರುತ್ತೆ ಮಾರಾಯ, ಬರದೇ ಇರುತ್ತಾ? ಟಿಎಂಬಿಯನ್ನ ನೀಲಿ ಮಾಡೋ ಕಿಣ್ವ ಇರೋದು ಎಚ್‌ಆರ್‌ಪಿ ಕಾಂಜುಗೇಟ್‌ನಲ್ಲಿ. ಅವರದ್ದು ಒಂದು ತೊಟ್ಟು ನಮ್ಮ ಹಳೇ ಕಿಟ್‌ನ ಟಿಎಂಬಿಗೆ ಬಿಟ್ಟೆ, ಏನಿಲ್ಲ. ನಮ್ಮ ಹಳೇ ಕಾಂಜುಗೇಟ್ ಬಿಟ್ಟ ತಕ್ಷಣ ಕಡುನೀಲಿ. ವಿಡಿಯೋ ಮಾಡಿ ಕಳಿಸಿದೆ. ನೋಡಿದ. ಸಂಜೆ ಉತ್ತರ: "ಬಾಕ್ಸ್ ಓಪನ್ ಮಾಡಿದ ಮೇಲೆ ರಿಟರ್ನ್ ಇಲ್ಲ ಮೇಡಂ." ಓಪನ್ ಮಾಡದೆ ಟೆಸ್ಟ್ ಮಾಡೋದು ಹೇಗೆ ಅಂತ ಅವನೇ ಹೇಳಲಿ!

ಆಮೇಲೆ ಡಬ್ಬ ತಿರುಗಿಸಿ ನೋಡಿದ್ರೆ ಎಕ್ಸ್‌ಪೈರಿ ಮೇಲೆ ಇನ್ನೊಂದು ಸ್ಟಿಕರ್. ಉಗುರಲ್ಲಿ ಕೆರೆದೆ. ಕೆಳಗಿನ ತಾರೀಖು ಯಾವತ್ತೋ ಮುಗಿದಿತ್ತು. ಪ್ಲೇಟ್ ಕವರ್‌ನ ಲಾಟ್ (ಬ್ಯಾಚ್) ನಂಬರೇ ಬೇರೆ, ಡಬ್ಬದ್ದೇ ಬೇರೆ. ಆ ಫೋಟೋಗೆ ಬಂದ ಉತ್ತರ: "ರಿಸರ್ಚ್ ಯೂಸ್ ಓನ್ಲಿ ಅಂತ ಬರೆದಿದೆಯಲ್ಲ ಮೇಡಂ." ಅಂದ್ರೆ ರಿಸರ್ಚ್‌ಗೆ ಸತ್ತ ಕಿಟ್ ನಡೆಯುತ್ತಂತೆ!

ಪೂರ್ತಿ ಅಡ್ವಾನ್ಸ್ ಕೊಡಬೇಡಿ. ದುಡ್ಡು ಕಟ್ಟೋ ಮುಂಚೆ ಲಾಟ್ ನಂಬರ್, ಎಕ್ಸ್‌ಪೈರಿ ಬರವಣಿಗೆಯಲ್ಲಿ ತಗೊಳ್ಳಿ, ಆ ಲಾಟ್ ನಂಬರನ್ನ ಕಂಪನಿಗೇ ಮೇಲ್ ಮಾಡಿ ಕೇಳಿ. ಪಾರ್ಸಲ್ ಬಿಚ್ಚೋವಾಗ ವಿಡಿಯೋ ಇರಲಿ, ಐಸ್ ಕರಗಿದ್ರೆ ಸಹಿ ಹಾಕದೆ ವಾಪಸ್ ಕಳಿಸಿ. "ಏನಾಗಲ್ಲ ಮೇಡಂ" ಅಂದವನ ನಂಬರ್ ಬ್ಲಾಕ್ ಮಾಡಿ.