ಹುಟ್ಟಿದ ದಿನದ ಕಿವಿ ಕತ್ತಲಾಗಿಯೇ ಇರಬೇಕು: ಪ್ರೆಸ್ಟಿನ್ ಆಂಟಿಬಾಡಿ ಬಳಸಿದ ಅನುಭವ

100 ಮೈಕ್ರೋಲೀಟರ್ ಎಂದರೆ ಎರಡು ಹನಿ. ಪ್ರೆಸ್ಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದು ಇರುವ ಜಾಗವನ್ನು ಸೂಕ್ಷ್ಮದರ್ಶಕದಡಿ ಬೆಳಗಿಸಿ ತೋರಿಸಲು ನೆರವಾಗುವ ಆಂಟಿಬಾಡಿಯ ಆ ಎರಡು ಹನಿಗೆ ನಮ್ಮ ಪ್ರಯೋಗಾಲಯ ತೆತ್ತ ಹಣದಲ್ಲಿ ನನ್ನ ಎರಡು ತಿಂಗಳ ಮನೆ ಬಾಡಿಗೆ ಕಟ್ಟಬಹುದಿತ್ತು. ಹಾಗಾಗಿ ಒಂದು ವರ್ಷ ಬಳಸಿದ ಮೇಲೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ.

ಹುಟ್ಟಿದ ಮೇಲೆ ಇಲಿಮರಿಯ ಒಳಗಿವಿಗೆ ಯಾವ ಪ್ರೋಟೀನ್ ಯಾವಾಗ ಬರುತ್ತದೆ ಎಂದು ನೋಡುವುದು ನನ್ನ ಕೆಲಸ. ಮನುಷ್ಯರ ಕೂಸಿಗೆ ಗರ್ಭದಲ್ಲಿಯೇ ಸದ್ದು ಕೇಳಿಸುತ್ತದೆ. ಇಲಿಮರಿ ಮಾತ್ರ ಕಿವುಡಾಗಿಯೇ ಹುಟ್ಟಿ, 12ನೆಯ ದಿನದ ಹೊತ್ತಿಗೆ ಕೇಳಿಸಿಕೊಳ್ಳಲು ತೊಡಗುತ್ತದೆ. ಆ ನಡುವೆ ಹೊರ ರೋಮಕೋಶಗಳ (ಸದ್ದಿಗೆ ಸ್ಪಂದಿಸುವ ಒಳಗಿವಿಯ ಕೋಶಗಳಲ್ಲಿ ಹೊರಸಾಲಿನವು) ಗೋಡೆಯಲ್ಲಿ ಬಂದು ತುಂಬಿಕೊಳ್ಳುವುದೇ ಪ್ರೆಸ್ಟಿನ್. 2000ದಲ್ಲಿ ಪತ್ತೆಯಾದ ಈ ಪ್ರೋಟೀನ್ ಕೋಶವನ್ನೇ ಹಿಗ್ಗಿಸಿ ಕುಗ್ಗಿಸಿ ಸಣ್ಣ ಸದ್ದಿಗೂ ಬಲ ಕೊಡುತ್ತದೆ. ಇದಿಲ್ಲದ ಇಲಿಗಳ ಶ್ರವಣಶಕ್ತಿ 40ರಿಂದ 60 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಹೆಸರಿನ ಮೂಲ ಪಾಶ್ಚಾತ್ಯ ಸಂಗೀತದ ಪ್ರೆಸ್ಟೊ, ಅಂದರೆ ಅತಿ ವೇಗ. ನಾಮಕರಣ ನಮ್ಮ ಕಡೆ ನಡೆದಿದ್ದರೆ ‘ದ್ರುತಿನ್’ ಆಗುತ್ತಿತ್ತೇನೋ.

ಮೊದಲ ಶೀಶೆ ಬಂಗಾರ. ಕಾಗದದಲ್ಲಿ 200ಕ್ಕೆ ಒಂದು ಪಾಲು ಬೆರೆಸಿ ಎಂದಿತ್ತು; 500ಕ್ಕೆ ಒಂದು ಹಾಕಿದರೂ ಸಾಕಾಯಿತು. ಹುಟ್ಟಿದ ದಿನದ ಮರಿಯಲ್ಲಿ ಇಲ್ಲವೆನ್ನುವಷ್ಟು ಮಂಕು. ವಾರದ ಮರಿಯಲ್ಲಿ ಒಳಗಿವಿಯ ಸುರುಳಿಯ ಬುಡದ ಕಡೆ ಚೆನ್ನಾಗಿ, ತುದಿಯ ಕಡೆ ತುಸು ಹಿಂದೆ. 14ನೆಯ ದಿನ ಸೂಕ್ಷ್ಮದರ್ಶಕದಡಿ ಮೂರು ಸಾಲು ಹಸಿರು ಉಂಗುರಗಳು, ಪಕ್ಕದ, ಪ್ರೆಸ್ಟಿನ್ ಇರದ ಒಳ ರೋಮಕೋಶಗಳ ಒಂಟಿ ಸಾಲು ಕಪ್ಪು. ಆ ಕಪ್ಪು ಸಾಲನ್ನು ಕಂಡಾಗಲೇ ನನಗೆ ಸಮಾಧಾನ.

ಎರಡನೆಯ ಶೀಶೆ ಬೇರೆ ಬ್ಯಾಚಿನದು. ಡ್ರೈ ಐಸ್ ಮುಗಿದು, ಥರ್ಮೋಕೋಲ್ ಡಬ್ಬಿ ಬೆವತುಕೊಂಡು ಬಂದಿತ್ತು. ಬಳಸಿ ನೋಡಿದರೆ ಹುಟ್ಟಿದ ದಿನದ ಮರಿಯ ಕಿವಿಯೂ ದೀಪಾವಳಿ! ಪ್ರೆಸ್ಟಿನ್ ಇರಬಾರದ ಸುತ್ತಲಿನ ಆಧಾರ ಕೋಶಗಳೂ ಬೆಳಗುತ್ತಿದ್ದವು, ಕೋಶಕೇಂದ್ರಗಳೂ ಬೆಳಗುತ್ತಿದ್ದವು. 14ನೆಯ ದಿನದ್ದನ್ನು ಮಾತ್ರ ನೋಡಿದ್ದರೆ ಸರಿಯಾಗಿದೆ ಎಂದು ಮೋಸಹೋಗುತ್ತಿದ್ದೆ. ಎರಡು ವಾರದ ಕೆಲಸ ನೀರುಪಾಲು. ದೂರು ಕೊಟ್ಟರೆ ‘ನಿಮ್ಮ ವಿಧಾನದಲ್ಲೇ ದೋಷವಿರಬಹುದು’ ಎಂಬ ಉತ್ತರ. ಎರಡೂ ಬ್ಯಾಚಿನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕಳಿಸಿದ ಮೇಲೆ ಬದಲಿ ಶೀಶೆ ಕೊಟ್ಟರು, ಕ್ಷಮೆ ಕೇಳಲಿಲ್ಲ.

ಕೊಳ್ಳುವವರಿಗೆ ಎರಡು ಸೂಚನೆ. ವಾರ ದಾಟಿದ ಮರಿಗಳ ಕಿವಿಯ ಮೂಳೆ ಗಟ್ಟಿಯಾಗಿರುತ್ತದೆ. ಮೆದುಗೊಳಿಸಲು ಆಮ್ಲ ಬೇಡ, ಮೂಳೆಯ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ಸೆಳೆದುಕೊಳ್ಳುವ ಇಡಿಟಿಎ ದ್ರಾವಣವೇ ಇರಲಿ, ತಡವಾದರೂ ಪ್ರೋಟೀನ್ ಉಳಿಯುತ್ತದೆ. ಎರಡನೆಯದು, ಹೊಸ ಶೀಶೆ ಬಂದೊಡನೆ ಮೊದಲು ಹುಟ್ಟಿದ ದಿನದ ಕಿವಿಯ ಮೇಲೆ ಪರೀಕ್ಷಿಸಿ.

ಐದಕ್ಕೆ ಮೂರು ಅಂಕ. ಮುಂದಿನ ಶೀಶೆಗೆ ಬೇಡಿಕೆ ಕಳಿಸಿದ್ದೇನೆ, ಮೊದಲ ಬ್ಯಾಚಿನ ಸಂಖ್ಯೆಯನ್ನು ಕೆಂಪು ಅಕ್ಷರದಲ್ಲಿ ಬರೆದು.